ಓದುಗರ ಪ್ರಶ್ನೆ: ಸೌರಮಾರುತಕ್ಕೆ ಗುರುಗ್ರಹ ಎಷ್ಟು ಬಗ್ಗುತ್ತದೆ?

ಹಿಂದಿನ ಸಂಚಿಕೆಯಲ್ಲಿ ಗುರುಗ್ರಹದ ಕಾಂತಗೋಳದ (ಅದರ ಕಾಂತಕ್ಷೇತ್ರದ ಹಿಡಿತದಲ್ಲಿರುವ ಸುತ್ತಲಿನ ಜಾಗದ) ಬಗ್ಗೆ ಒಂದು ಚಿಕ್ಕ ಟಿಪ್ಪಣಿ ಹಾಕಿದ್ದೆವು. ಸೂರ್ಯನಿಂದ ಹೊರಟ ಸೌರಮಾರುತ, ಅಂದರೆ ವಿದ್ಯುದಂಶವುಳ್ಳ ಕಣಗಳ ಹರಿವು, ಆ ಕಾಂತಗೋಳವನ್ನು ಅಮುಕುತ್ತದೆ, ಸಡಿಲ ಬಿಡುತ್ತದೆ. ಗುರುವಿನ ರೇಡಿಯೋ ಸದ್ದನ್ನು ಮನೆಯಲ್ಲೇ ಕೇಳಬಹುದು ಎಂದು ಅದರಲ್ಲಿತ್ತು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಒಂದೇ ಅರ್ಥದವನ್ನು ಕೂಡಿಸಿದ್ದೇವೆ.

ಸೂರ್ಯನಿಂದ ದೂರ ಹೋದಷ್ಟೂ ಸೌರಮಾರುತ ತೆಳುವಾಗುತ್ತದೆ. ಗುರುವಿನ ಕಾಂತಬಲವೋ ಭೂಮಿಯದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಇಂಥ ತೆಳುಗಾಳಿ ಅಷ್ಟು ದೊಡ್ಡ ಗ್ರಹವನ್ನು ಏನು ಮಾಡೀತು?
— ಪದವಿ ವಿದ್ಯಾರ್ಥಿನಿ, ಹಾಸನ

ತೆಳುವಾಗುವುದು ನಿಜ. ಭೂಮಿಯ ಬಳಿ ಒಂದು ಘನ ಸೆಂಟಿಮೀಟರಿಗೆ 5ರಿಂದ 7 ಪ್ರೋಟಾನುಗಳಿದ್ದರೆ, 5.2 ಪಟ್ಟು ದೂರವಿರುವ ಗುರುವಿನ ಬಳಿ ಸರಾಸರಿ 0.2ರಷ್ಟೇ. ಆದರೆ ವೇಗ ಕುಗ್ಗುವುದಿಲ್ಲ. ಅಲ್ಲಿಯೂ ಸೆಕೆಂಡಿಗೆ ಸುಮಾರು 400 ಕಿ.ಮೀ. ಒತ್ತಡವನ್ನು ನಿರ್ಧರಿಸುವುದು ಸಾಂದ್ರತೆ ಮತ್ತು ವೇಗದ ವರ್ಗ, ಆದ್ದರಿಂದ ಗುರುವಿನ ಬಳಿ ಒತ್ತಡ ಭೂಮಿಯ ಬಳಿಯದರ 27ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ: ಇಲ್ಲಿ 2 ನ್ಯಾನೋಪಾಸ್ಕಲ್ ಇದ್ದರೆ ಅಲ್ಲಿ 0.07.

ಗುರುವಿನ ಒಟ್ಟು ಕಾಂತಬಲ ಭೂಮಿಯದರ ಸುಮಾರು 20,000 ಪಟ್ಟು. ಈ ಎರಡು ಅಂಕಿಗಳನ್ನಷ್ಟೇ ಇಟ್ಟುಕೊಂಡು ಲೆಕ್ಕ ಹಾಕಿದರೆ, ಸೂರ್ಯನ ಕಡೆಯ ಮುಖದಲ್ಲಿ ಕಾಂತಗೋಳದ ಗಡಿ ಗುರುವಿನ ತ್ರಿಜ್ಯದ 40ರಿಂದ 45 ಪಟ್ಟು ದೂರದಲ್ಲಿ ನಿಲ್ಲಬೇಕು. ಆದರೆ ಅಲ್ಲಿಗೆ ಹೋದ ನೌಕೆಗಳು ಗಡಿಯನ್ನು ಹೆಚ್ಚಾಗಿ ಕಂಡದ್ದು ಒಂದೋ 63 ತ್ರಿಜ್ಯದ ಆಸುಪಾಸಿನಲ್ಲಿ, ಇಲ್ಲವೇ 92ರ ಆಸುಪಾಸಿನಲ್ಲಿ. ಗುರುವಿನ ತ್ರಿಜ್ಯ 71,492 ಕಿ.ಮೀ. ಅಂದರೆ ಗಡಿ 45 ಲಕ್ಷ ಕಿ.ಮೀ.ಗೂ 66 ಲಕ್ಷ ಕಿ.ಮೀ.ಗೂ ನಡುವೆ ಓಡಾಡುತ್ತದೆ. ಆ ವ್ಯತ್ಯಾಸದಲ್ಲಿ ಸೂರ್ಯನೇ ಹಿಡಿಸುತ್ತಾನೆ.

ಲೆಕ್ಕಕ್ಕಿಂತ ಗಡಿ ಅಷ್ಟು ಮುಂದೆ ನಿಲ್ಲುವುದಕ್ಕೆ ಕಾರಣ ಅಯೋ ಎಂಬ ಉಪಗ್ರಹ. ಅದರ ಜ್ವಾಲಾಮುಖಿಗಳು ಉಗುಳಿದ ಗಂಧಕದ ಡೈಆಕ್ಸೈಡಿನಿಂದ ಸೆಕೆಂಡಿಗೆ ಸುಮಾರು ಒಂದು ಟನ್ ದ್ರವ್ಯ ಕಾಂತಗೋಳಕ್ಕೆ ಸೇರುತ್ತದೆ. ಅದು ಒಡೆದು ಗಂಧಕ, ಆಮ್ಲಜನಕದ ಅಯಾನುಗಳಾದ ಕೂಡಲೇ ಗುರುವಿನ ಕಾಂತಕ್ಷೇತ್ರ ಅವನ್ನು ಹಿಡಿದು ತನ್ನೊಡನೆ ತಿರುಗಿಸುತ್ತದೆ. ಗುರು ಒಂದು ಸುತ್ತು ತಿರುಗಲು 9 ಗಂಟೆ 55 ನಿಮಿಷ ಸಾಕು. ಅಷ್ಟು ವೇಗದಲ್ಲಿ ಸುತ್ತುವ ಪ್ಲಾಸ್ಮಾ (ಅಯಾನು, ಎಲೆಕ್ಟ್ರಾನುಗಳ ಈ ಅನಿಲ) ಹೊರಕ್ಕೆ ಎಸೆಯಲ್ಪಟ್ಟು ಸಮಭಾಜಕದ ನೇರಕ್ಕೆ ಚಪ್ಪಟೆ ತಟ್ಟೆಯಾಗಿ ಹರಡುತ್ತದೆ, ಒಳಗಿನಿಂದ ಗಡಿಯನ್ನು ತಳ್ಳುತ್ತದೆ. ಹೀಗಾಗಿ ಗುರುವಿನ ಕಡೆಯಿಂದ ಸೌರಮಾರುತವನ್ನು ತಡೆಯುವುದು ಬರೀ ಕಾಂತಕ್ಷೇತ್ರವಲ್ಲ, ಕಾಂತಕ್ಷೇತ್ರದ ಜೊತೆಗೆ ಬಿಸಿ ಪ್ಲಾಸ್ಮಾ.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಭೂಮಿಯ ಕಾಂತಗೋಳ ಗಾಳಿ ಬಿಗಿದ ಚೆಂಡಿನಂತೆ, ಒತ್ತಿದರೆ ಸ್ವಲ್ಪವೇ ತಗ್ಗುತ್ತದೆ. ಗುರುವಿನದು ಹತ್ತಿಯ ದಿಂಬಿನಂತೆ. ಲೆಕ್ಕದಲ್ಲಿ ಹೇಳುವುದಾದರೆ, ಭೂಮಿಯ ಗಡಿದೂರ ಒತ್ತಡದ ಆರನೇ ಮೂಲಕ್ಕೆ ವಿಲೋಮವಾಗಿ ಬದಲಾಗುತ್ತದೆ, ಗುರುವಿನದು ನಾಲ್ಕನೇ ಅಥವಾ ಐದನೇ ಮೂಲಕ್ಕೆ. ಒತ್ತಡ 10 ಪಟ್ಟಾದರೆ ಭೂಮಿಯ ಗಡಿ 10 ತ್ರಿಜ್ಯದಿಂದ 6.8ಕ್ಕೆ ಬರುತ್ತದೆ, ಗುರುವಿನ ಗಡಿ 92ರಿಂದ 52–58ಕ್ಕೆ ಕುಸಿಯುತ್ತದೆ. ಗುರುವಿನ ಬಳಿ ಒತ್ತಡ ಹೀಗೆ ಹತ್ತು ಪಟ್ಟು ಏರುವುದು ಅಪರೂಪವಲ್ಲ. ಸೂರ್ಯನಿಂದ ಹೊರಟ ವೇಗದ ಪ್ರವಾಹ ಮುಂದಿರುವ ನಿಧಾನದ ಪ್ರವಾಹವನ್ನು ದಾರಿಯಲ್ಲಿ ಹಿಂದಿನಿಂದ ಹಾಯುತ್ತದೆ. ಭೂಮಿಯ ಹತ್ತಿರ ಈ ಡಿಕ್ಕಿ ಇನ್ನೂ ಆರಂಭದಲ್ಲಿರುತ್ತದೆ. ಗುರುವನ್ನು ಮುಟ್ಟುವಷ್ಟರಲ್ಲಿ ಅದು ಪೂರ್ತಿ ಬಲಿತು, ಎರಡು ಬದಿಗೂ ಆಘಾತದ ಅಂಚಿರುವ ದಟ್ಟ ಪಟ್ಟಿಯಾಗಿರುತ್ತದೆ. ಅದಕ್ಕೇ ಗುರು ಹಲವು ದಿನ ತೀರಾ ತೆಳುಗಾಳಿಯಲ್ಲಿದ್ದು, ಆಮೇಲೆ ಒಮ್ಮೆಲೇ ದಟ್ಟಗಾಳಿಗೆ ಸಿಕ್ಕಿಬೀಳುತ್ತದೆ. 63 ಮತ್ತು 92 ಎಂಬ ಎರಡು ನೆಲೆಗಳಿಗೆ ಇದೇ ಕಾರಣವೆಂದು ಹಲವರು ಎಣಿಸುತ್ತಾರೆ.

ಈ ಕುಸಿತವನ್ನು ಮೊದಲು ಕಂಡದ್ದು 1973ರ ಡಿಸೆಂಬರಿನಲ್ಲಿ ಗುರುವಿನ ಬಳಿ ಹಾದ ಪಯೋನಿಯರ್ 10. ಅದು ಸುಮಾರು 96 ತ್ರಿಜ್ಯದಲ್ಲಿ ಗಡಿ ದಾಟಿ ಒಳಹೊಕ್ಕಿತು. ಒಳಗೆ ಹೋಗುತ್ತಿರುವಾಗಲೇ, 50 ತ್ರಿಜ್ಯದ ಆಸುಪಾಸಿನಲ್ಲಿ, ಮತ್ತೆ ಗಡಿಯ ಹೊರಗಿತ್ತು. ನೌಕೆ ಹಿಂದೆ ಹೋಗಿರಲಿಲ್ಲ. ಗಡಿಯೇ ಅದನ್ನು ದಾಟಿ ಒಳಕ್ಕೆ ಸರಿದಿತ್ತು.

ಹಾಗಾದರೆ ಗುರುವಿನ ಧ್ರುವಪ್ರಭೆಗೂ ಸೌರಮಾರುತವೇ ಕಾರಣವೇ? ಭೂಮಿಯದರ ಹಾಗೆ ಎಂದು ಮಕ್ಕಳಿಗೆ ಹೇಳಬಹುದೇ?
— ಪ್ರೌಢಶಾಲಾ ಶಿಕ್ಷಕರು, ಚನ್ನರಾಯಪಟ್ಟಣ

ಭೂಮಿಯ ಹಾಗೆ ಎಂದು ದಯವಿಟ್ಟು ಹೇಳಬೇಡಿ. ಪಠ್ಯಗಳಲ್ಲಿಯೂ ಕಾಣುವ ತಪ್ಪು ಇದು.

ಭೂಮಿಯಲ್ಲಿ ಸೌರಮಾರುತ ಯಜಮಾನ. ಅದು ತಂದ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದಾಗ ಭೂಮಿಯ ಕಾಂತರೇಖೆಗಳ ಜೊತೆ ಬೆಸೆದುಕೊಂಡು ಶಕ್ತಿಯನ್ನು ಒಳಕ್ಕೆ ಸುರಿಯುತ್ತದೆ. ಗುರುವಿನ ಮುಖ್ಯ ಪ್ರಭಾವಲಯಕ್ಕೆ ಶಕ್ತಿ ಬರುವುದು ಗ್ರಹದ ತಿರುಗುವಿಕೆಯಿಂದ. ಅಯೋದ ದ್ರವ್ಯ ಹೊರಕ್ಕೆ ಸರಿದಂತೆಲ್ಲ ಗುರುವಿನ ವೇಗಕ್ಕೆ ಸರಿಸಮನಾಗಿ ಸುತ್ತಲಾರದೆ ಹಿಂದುಳಿಯುತ್ತದೆ. 20–30 ತ್ರಿಜ್ಯದ ಹೊತ್ತಿಗೆ ಈ ಹಿಂದುಳಿಕೆ ಸ್ಪಷ್ಟವಾಗುತ್ತದೆ. ಅದನ್ನು ಮತ್ತೆ ಎಳೆದು ತಿರುಗಿಸಲು ಕಾಂತರೇಖೆಗಳ ಗುಂಟ ವಿದ್ಯುತ್ ಪ್ರವಾಹ ಹರಿಯುತ್ತದೆ, ಅದರ ಎಲೆಕ್ಟ್ರಾನುಗಳು ಧ್ರುವದ ವಾತಾವರಣಕ್ಕೆ ಅಪ್ಪಳಿಸಿದಲ್ಲಿ ಬೆಳಕು. ಹೀಗಾಗಿ ಗುರುವಿನ ಪ್ರಭೆ ಸೂರ್ಯ ಶಾಂತವಾಗಿದ್ದರೂ ಆರುವುದಿಲ್ಲ. ಅಯೋ, ಯೂರೋಪಾ, ಗ್ಯಾನಿಮೀಡ್ ಒಂದೊಂದಕ್ಕೂ ಅದರಲ್ಲಿ ಬೇರೆಬೇರೆ ಬೆಳಕಿನ ಚುಕ್ಕೆಗಳಿವೆ.

ಸೌರಮಾರುತದ ಕೈ ಅಲ್ಲಿಯೂ ಇದೆ. 2000ದ ಡಿಸೆಂಬರ್ 30ರಂದು ಕ್ಯಾಸಿನಿ ನೌಕೆ ಗುರುವಿನ ಬಳಿ ಹಾದಾಗ ಗೆಲಿಲಿಯೋ ನೌಕೆ ಆಗಲೇ ಅಲ್ಲಿ ಸುತ್ತುತ್ತಿತ್ತು. ಒಂದು ಕಾಂತಗೋಳದ ಹೊರಗೆ, ಒಂದು ಒಳಗೆ. ಸೌರಮಾರುತದ ಆಘಾತ ತಲುಪಿದಾಗ ಗುರುವಿನ ರೇಡಿಯೋ ಸದ್ದೂ ನೇರಳಾತೀತ ಪ್ರಭೆಯೂ ಏರಿದ್ದು ಆಗ ದಾಖಲಾಯಿತು. 2016ರಲ್ಲಿ ಜೂನೋ ನೌಕೆ ಗುರುವನ್ನು ಸಮೀಪಿಸುತ್ತಿದ್ದಾಗ ಹಬಲ್ ದೂರದರ್ಶಕವೂ ಜೊತೆಗೂಡಿ ನೋಡಿತು. ಅಮುಕಿದಾಗ ಪ್ರಭೆ ಬೆಳಗಿತು.

ಇಲ್ಲಿ ಒಂದು ಗಂಟು ಇದೆ, ಮಕ್ಕಳಿಗೆ ಇದನ್ನು ಹೇಳಿದರೆ ವಿಜ್ಞಾನ ಹೇಗೆ ನಡೆಯುತ್ತದೆ ಎಂಬುದು ಅರ್ಥವಾಗುತ್ತದೆ. ಕಾಂತಗೋಳ ಕುಗ್ಗಿದಾಗ ಒಳಗಿನ ಪ್ಲಾಸ್ಮಾ ಗ್ರಹದ ಹತ್ತಿರ ಬರುತ್ತದೆ, ಕೈಯನ್ನು ಒಳಕ್ಕೆಳೆದುಕೊಂಡ ನರ್ತಕಿಯ ಹಾಗೆ ವೇಗ ಪಡೆಯುತ್ತದೆ. ಹಿಂದುಳಿಕೆ ಕಡಿಮೆಯಾದರೆ ಎಳೆಯುವ ಪ್ರವಾಹವೂ ಕಡಿಮೆಯಾಗಬೇಕು, ಪ್ರಭೆ ಮಂಕಾಗಬೇಕು. ಸಿದ್ಧಾಂತ ಹೇಳಿದ್ದು ಹಾಗೆ. ಕಂಡದ್ದು ಅದರ ತದ್ವಿರುದ್ಧ. ಅಮುಕುವಿಕೆ ಆರಂಭವಾದ ಮೊದಲ ಗಂಟೆಗಳಲ್ಲಿ ಮೇಲ್ವಾತಾವರಣ ಆ ಹೊಸ ವೇಗಕ್ಕೆ ಹೊಂದಿಕೊಂಡಿರುವುದಿಲ್ಲ, ಜೊತೆಗೆ ಹೊರವಲಯದ ಬಿಸಿ ಪ್ಲಾಸ್ಮಾ ಇನ್ನಷ್ಟು ಕಾಯುತ್ತದೆ ಎಂಬ ವಿವರಣೆಗಳಿವೆ. ಚರ್ಚೆ ಮುಗಿದಿಲ್ಲ. ಆದರೂ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು: ಗುರುವಿನಲ್ಲಿ ಸೌರಮಾರುತ ಶಕ್ತಿ ಕೊಡುವುದಕ್ಕಿಂತ ಹೆಚ್ಚಾಗಿ, ಗುರುವಿನ ತಿರುಗಾಟ ಕೂಡಿಟ್ಟ ಶಕ್ತಿಯನ್ನು ಕೆದಕಿ ಎಬ್ಬಿಸುತ್ತದೆ.

ಸಾಲಗಾಮೆ ರಸ್ತೆಯ ಎಂಸಿಎಫ್‌ನಿಂದ ನಿಯಂತ್ರಿಸುವ ಉಪಗ್ರಹಗಳಿಗೆ ಸೌರ ಬಿರುಗಾಳಿಯಿಂದ ತೊಂದರೆಯಂತೆ. ಗುರುವಿನ ಉಪಗ್ರಹಗಳಿಗೂ ಹಾಗೆಯೇ ಆಗುತ್ತದೆಯೇ?
— ಐಟಿಐ ವಿದ್ಯಾರ್ಥಿ, ಹಾಸನ

ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಭೂಮಿಯ ಕೇಂದ್ರದಿಂದ 42,164 ಕಿ.ಮೀ. ದೂರದಲ್ಲಿವೆ. ಅಂದರೆ 6.6 ಭೂತ್ರಿಜ್ಯ. ಮೇಲಿನ ಆರನೇ ಮೂಲದ ಲೆಕ್ಕವನ್ನೇ ಹಾಕಿ: ಗಡಿ 10ರಿಂದ 6.6ಕ್ಕೆ ಇಳಿಯಬೇಕಾದರೆ ಒತ್ತಡ ಸುಮಾರು 12 ಪಟ್ಟಾಗಬೇಕು. ದೊಡ್ಡ ಬಿರುಗಾಳಿಗಳಲ್ಲಿ ಇದು ಆಗುತ್ತದೆ. ಆಗ ಹಗಲಿನ ಬದಿಯ ಉಪಗ್ರಹ ಕೆಲಕಾಲ ಕಾಂತಗೋಳದ ಹೊರಗಿರುತ್ತದೆ, ಸುತ್ತಲಿನ ಕಾಂತಕ್ಷೇತ್ರದ ದಿಕ್ಕೇ ತಿರುಗಬಹುದು. ಕಾಂತಸುರುಳಿಗಳಿಂದ ನಿಲುವು ಸರಿಪಡಿಸಿಕೊಳ್ಳುವ ಉಪಗ್ರಹಕ್ಕೆ ಆ ಹೊತ್ತಿನಲ್ಲಿ ತಪ್ಪು ದಿಕ್ಕಿನ ತಳ್ಳು ಸಿಗುತ್ತದೆ. ಇದಕ್ಕಿಂತ ಕಾಡುವುದು ವೇಗದ ಸೌರಪ್ರವಾಹ ಬಂದು ಒಂದೆರಡು ದಿನಗಳಾದ ಮೇಲೆ ಹೆಚ್ಚುವ ಶಕ್ತಿಶಾಲಿ ಎಲೆಕ್ಟ್ರಾನುಗಳು. ಅವು ಹೊರಕವಚ ತೂರಿ ಒಳಗಿನ ತಂತಿಗಳ ಹೊದಿಕೆಯಲ್ಲಿ, ಸರ್ಕ್ಯೂಟ್ ಬೋರ್ಡುಗಳಲ್ಲಿ ವಿದ್ಯುದಂಶ ಕೂಡಿಸುತ್ತವೆ. ಅದು ಕಿಡಿಯಾಗಿ ಹಾರಿದರೆ ಸುಳ್ಳು ಆದೇಶ ಹುಟ್ಟುತ್ತದೆ.

ಗುರುವಿನ ನಾಲ್ಕು ದೊಡ್ಡ ಚಂದ್ರಗಳ ಕಥೆ ಬೇರೆ. ಹೊರಗಿನ ಕ್ಯಾಲಿಸ್ಟೋ ಇರುವುದು 26 ತ್ರಿಜ್ಯದಲ್ಲಿ. ಗಡಿ 45ಕ್ಕೆ ಕುಸಿದರೂ ನಾಲ್ಕೂ ಒಳಗೇ ಉಳಿಯುತ್ತವೆ. ಅಲ್ಲಿ ನೌಕೆಗಳಿಗಿರುವ ಭಯ ಒಳಗಿನ ವಿಕಿರಣ ಪಟ್ಟಿಗಳದು. ಜೂನೋದ ಎಲೆಕ್ಟ್ರಾನಿಕ್ಸನ್ನು ಸುಮಾರು 1 ಸೆಂ.ಮೀ. ದಪ್ಪದ ಟೈಟಾನಿಯಂ ಪೆಟ್ಟಿಗೆಯಲ್ಲಿ ಇಟ್ಟಿರುವುದು ಅದಕ್ಕೇ. ಶನಿಯ ಟೈಟನ್‌ಗೆ ಮಾತ್ರ ಆ ಭದ್ರತೆ ಇಲ್ಲ. ಅದು 20 ಶನಿತ್ರಿಜ್ಯದಲ್ಲಿ, ಗಡಿಯ ಬಾಗಿಲಲ್ಲೇ ಇದೆ. 2013ರ ಡಿಸೆಂಬರಿನಲ್ಲಿ ಅದು ಬಯಲಿನ ಸೌರಮಾರುತಕ್ಕೆ ಮೈಯೊಡ್ಡಿದ್ದನ್ನು ಕ್ಯಾಸಿನಿ ಅಳೆಯಿತು.

ನನ್ನ ಬಳಿ 6 ಇಂಚಿನ ದೂರದರ್ಶಕವಿದೆ. ಗುರುವಿನ ಧ್ರುವಪ್ರಭೆ ಕಾಣುತ್ತದೆಯೇ?
— ಓದುಗರು, ಕಡೂರು

ಇಲ್ಲ. ಅದರ ಹೆಚ್ಚಿನ ಬೆಳಕು ನೇರಳಾತೀತದಲ್ಲಿದೆ, ಅದನ್ನು ನಮ್ಮ ವಾತಾವರಣ ತಡೆಯುತ್ತದೆ. ಅವಕೆಂಪಿನಲ್ಲಿ 3.4ರಿಂದ 4 ಮೈಕ್ರಾನ್ ಅಲೆಯುದ್ದದಲ್ಲಿ ಭೂಮಿಯ ಮೇಲಿನ ದೊಡ್ಡ ದೂರದರ್ಶಕಗಳು ಅದನ್ನು ಕಾಣುತ್ತವೆ, ಆದರೆ ಅದಕ್ಕೆ ತಂಪುಗೊಳಿಸಿದ ವಿಶೇಷ ಕ್ಯಾಮೆರಾ ಬೇಕು. ನಿಮ್ಮ ದೂರದರ್ಶಕದಿಂದ ಅಯೋ ಎಲ್ಲಿದೆ ಎಂದು ಗುರುತು ಹಾಕಿಕೊಳ್ಳಿ. ಮುಂದಿನ ಉತ್ತರದಲ್ಲಿ ಅದು ಕೆಲಸಕ್ಕೆ ಬರುತ್ತದೆ.

ತೋಟದ ಮನೆಯಲ್ಲಿ ಗುರುವಿನ ರೇಡಿಯೋ ಸದ್ದು ಕೇಳಲು ಏನೇನು ಬೇಕು? ಅಳತೆಗಳ ಸಮೇತ ತಿಳಿಸಿ.
— ಮೂಡಿಗೆರೆ, ಸಕಲೇಶಪುರ ಮತ್ತು ಕೊಪ್ಪದಿಂದ ಮೂವರು

ಗುರುವಿನ ಈ ಸದ್ದನ್ನು 1955ರಲ್ಲಿ ಅಮೆರಿಕದ ಬರ್ಕ್ ಮತ್ತು ಫ್ರಾಂಕ್ಲಿನ್ 22.2 ಮೆಗಾಹರ್ಟ್ಸ್‌ನಲ್ಲಿ ಪತ್ತೆ ಮಾಡಿದರು. ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುವ ಎಲೆಕ್ಟ್ರಾನು ಒಂದು ಗೌಸ್‌ಗೆ 2.8 ಮೆಗಾಹರ್ಟ್ಸ್‌ನಂತೆ ಅಲೆ ಹೊರಡಿಸುತ್ತದೆ. ಗುರುವಿನ ಧ್ರುವದ ಬಳಿ ಕ್ಷೇತ್ರ ಸುಮಾರು 14 ಗೌಸ್, ಆದ್ದರಿಂದ ಸದ್ದು 39.5 ಮೆಗಾಹರ್ಟ್ಸ್ ಆಚೆ ಹೋಗುವುದಿಲ್ಲ. ಕೆಳಗಡೆ 15ಕ್ಕಿಂತ ಇಳಿದರೆ ನಮ್ಮ ಅಯಾನುಗೋಳವೂ ಶಾರ್ಟ್‌ವೇವ್ ಕೇಂದ್ರಗಳೂ ಅಡ್ಡ ಬರುತ್ತವೆ. 18ರಿಂದ 24 ಒಳ್ಳೆಯ ಕಿಟಕಿ. ಹವ್ಯಾಸಿಗಳೆಲ್ಲ 20.1 ಮೆಗಾಹರ್ಟ್ಸ್ ಬಳಸುತ್ತಾರೆ, ನೀವೂ ಅದನ್ನೇ ಹಿಡಿಯಿರಿ; ಬೇರೆಯವರ ದಾಖಲೆಯೊಡನೆ ತಾಳೆ ನೋಡಲು ಸುಲಭ.

ಆಂಟೆನಾ: ಅರ್ಧ ಅಲೆಯ ಡೈಪೋಲ್, ಅಂದರೆ ನಡುವೆ ಕೇಬಲ್ ಜೋಡಿಸಿದ ಎರಡು ತೋಳಿನ ತಂತಿ. ಬರಿ ತಾಮ್ರದ ತಂತಿಯಾದರೆ ಒಂದೊಂದು ತೋಳು 3.54 ಮೀಟರ್, ಎರಡೂ ಸೇರಿ 7.08. ಮನೆ ವೈರಿಂಗಿನ ಪಿವಿಸಿ ಹೊದಿಕೆಯ ತಂತಿಯಾದರೆ ತೋಳು 3.45 ಮೀಟರಿಗೆ ಕತ್ತರಿಸಿ, ಹೊದಿಕೆಯಿಂದಾಗಿ ಅಲೆ ತಂತಿಯಲ್ಲಿ ಸ್ವಲ್ಪ ನಿಧಾನವಾಗುತ್ತದೆ. ಎತ್ತರ ಸುಮಾರು 3.7 ಮೀಟರ್, ಅಂದರೆ 12 ಅಡಿ. ಇದು ಅಲೆಯುದ್ದದ ಕಾಲುಭಾಗ. ನೆಲದಿಂದ ಪ್ರತಿಫಲಿಸಿದ ಅಲೆ ನೇರ ಬಂದ ಅಲೆಯ ಜೊತೆ ನೆತ್ತಿಯ ದಿಕ್ಕಿನಲ್ಲಿ ಕೂಡಿಕೊಳ್ಳುತ್ತದೆ. 13 ಡಿಗ್ರಿ ಉತ್ತರದಲ್ಲಿರುವ ನಮಗೆ ಇದೊಂದು ವರ. ಅಮೆರಿಕ, ಯೂರೋಪಿನವರು ಎರಡು ಡೈಪೋಲ್ ಕಟ್ಟಿ ಒಂದಕ್ಕೆ ಹೆಚ್ಚುವರಿ ಕೇಬಲ್ ಸೇರಿಸಿ ಕೋನ ಬಾಗಿಸಬೇಕಾಗುತ್ತದೆ. 2027ರ ಫೆಬ್ರವರಿಯಲ್ಲಿ ಗುರು ಸೂರ್ಯನಿಗೆ ಎದುರಾಗಿ ರಾತ್ರಿಯಿಡೀ ಇರುವಾಗ ಹಾಸನ, ಚಿಕ್ಕಮಗಳೂರಿನ ನೆತ್ತಿಯ ಹತ್ತಿರವೇ ಹಾಯುತ್ತದೆ. ನಮಗೆ ಒಂದೇ ಡೈಪೋಲ್ ಸಾಕು.

ತಂತಿಯನ್ನು ಉತ್ತರ–ದಕ್ಷಿಣಕ್ಕೆ ಕಟ್ಟಿ. ಡೈಪೋಲ್‌ಗೆ ತನ್ನ ತುದಿಗಳ ದಿಕ್ಕಿನಲ್ಲಿ ಕಿವುಡು. ಪೂರ್ವ–ಪಶ್ಚಿಮಕ್ಕೆ ಕಟ್ಟಿದರೆ ಗುರು ಮೂಡುವಾಗಲೂ ಮುಳುಗುವಾಗಲೂ ಆ ಕಿವುಡಿನೊಳಗೆ ಸಿಕ್ಕುತ್ತದೆ, ಕೇಳುವ ಹೊತ್ತು ಮೊಟಕಾಗುತ್ತದೆ. ಆಸರೆಗೆ ಬಿದಿರು ಗಳ ಅಥವಾ ಪಿವಿಸಿ ಪೈಪು, ತುದಿಗೆ ನೈಲಾನ್ ಹಗ್ಗ. ಎರಡು ಸಿಲ್ವರ್ ಓಕ್ ಮರದ ನಡುವೆ ಕಟ್ಟುವವರು ಹಗ್ಗವನ್ನು ಸ್ವಲ್ಪ ಸಡಿಲ ಬಿಡಿ. ಗಾಳಿಗೆ ಮರ ತೂಗಿದಾಗ ಬಿಗಿದ ತಂತಿ ಕೀಲಿನಲ್ಲಿ ಕಿತ್ತುಕೊಳ್ಳುತ್ತದೆ. ಕರೆಂಟಿನ ತಂತಿಯ ಕೆಳಗೆ, ಮೇಲೆ, ಅದು ಬಿದ್ದರೆ ತಾಗುವಷ್ಟು ಹತ್ತಿರ ಎಲ್ಲಿಯೂ ಕಟ್ಟಬಾರದು.

ಕೇಬಲ್: ಡೈಪೋಲ್‌ನ ತಡೆ ಸುಮಾರು 73 ಓಮ್. ಡಿಶ್ ಟಿವಿಗೆ ಬಳಸುವ 75 ಓಮ್‌ನ ಆರ್‌ಜಿ-6 ಕೇಬಲ್ ಇದಕ್ಕೆ ಸರಿಹೊಂದುತ್ತದೆ, ಯಾವ ಪೇಟೆಯಲ್ಲಾದರೂ ಸಿಗುತ್ತದೆ. ಕೆಡುವುದು ಜೋಡಣೆಯಲ್ಲಿ. ಅದರ ಹೊರಬಲೆ ಹೆಚ್ಚಾಗಿ ಅಲ್ಯೂಮಿನಿಯಂ, ಮಾಮೂಲಿ ಬೆಸುಗೆ ಹಿಡಿಯುವುದಿಲ್ಲ. ಹಿಡಿದಂತೆ ಕಂಡರೂ ಒಂದು ಮಳೆಗೆ ಬಿಡುತ್ತದೆ. ಎಫ್ ಕನೆಕ್ಟರ್ ಒತ್ತಿ ಕೂರಿಸಿ, ಅದಕ್ಕೆ ಹೊಂದುವ ಸಾಕೆಟ್ಟಿಗೆ ತಾಮ್ರದ ತೋಳುಗಳನ್ನು ಬೆಸೆಯಿರಿ. ಮೇಲೆ ನೀರು ಹೋಗದಂತೆ ಸೀಲ್ ಮಾಡಿ. ಮಲೆನಾಡಿನ ಮಳೆಯಲ್ಲಿ ನೀರು ಕೇಬಲ್ ಒಳಗೆ ಇಳಿದರೆ ಹೊರಗಿಂದ ಗೊತ್ತೇ ಆಗುವುದಿಲ್ಲ, ಸದ್ದು ಮಾತ್ರ ವಾರದಿಂದ ವಾರಕ್ಕೆ ಕ್ಷೀಣಿಸುತ್ತದೆ. ಕೀಲಿನ ಕೆಳಗೆ ಕೇಬಲ್ಲನ್ನೇ 18–20 ಸೆಂ.ಮೀ. ಅಗಲದ ಆರು ಸುತ್ತಿನ ಸುರುಳಿ ಮಾಡಿ ಕಟ್ಟಿದರೆ ಮನೆಯ ಗದ್ದಲ ಕೇಬಲ್ಲಿನ ಹೊರಮೈ ಹಿಡಿದು ಆಂಟೆನಾಕ್ಕೆ ಹತ್ತುವುದು ತಗ್ಗುತ್ತದೆ.

ರಿಸೀವರ್: ಕಂಪ್ಯೂಟರಿಗೆ ಹಾಕುವ ಎಸ್‌ಡಿಆರ್ (ತಂತ್ರಾಂಶದಿಂದ ನಡೆಯುವ ರೇಡಿಯೋ) ಡಾಂಗಲ್ ಸಾಕು, ಆದರೆ ನೋಡಿ ಕೊಳ್ಳಿ. ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್ ವಿ3 ಮಾದರಿಯಲ್ಲಿ 24 ಮೆಗಾಹರ್ಟ್ಸ್‌ಗಿಂತ ಕೆಳಗೆ 'ಡೈರೆಕ್ಟ್ ಸ್ಯಾಂಪ್ಲಿಂಗ್' ಬಳಸಬೇಕು. ಅದು ಸೆಕೆಂಡಿಗೆ 2.88 ಕೋಟಿ ಸಲ ಮಾದರಿ ತೆಗೆಯುತ್ತದೆ, 28.8ರಿಂದ 20.1 ಕಳೆದರೆ 8.7. ಅಂದರೆ 8.7 ಮೆಗಾಹರ್ಟ್ಸ್‌ನ ಯಾವ ಸದ್ದಾದರೂ ಮಡಚಿಕೊಂಡು ನಿಮ್ಮ 20.1ರ ಮೇಲೆ ಬಂದು ಕೂರುತ್ತದೆ. ಹಾಗಾಗಿ ವಿ3 ಇದ್ದವರು ಮುಂದೆ 15 ಮೆಗಾಹರ್ಟ್ಸ್‌ಗಿಂತ ಕೆಳಗಿನದನ್ನು ತಡೆಯುವ ಫಿಲ್ಟರ್ ಹಾಕಲೇಬೇಕು. ವಿ4 ಮಾದರಿ ಆವರ್ತನವನ್ನು (ಮೆಗಾಹರ್ಟ್ಸ್ ಅಂಕಿಯನ್ನು) ಮೇಲಕ್ಕೆತ್ತಿ ಓದುವುದರಿಂದ ಈ ತೊಡಕಿಲ್ಲ.

ಎಎಂ ಅಥವಾ ಯುಎಸ್‌ಬಿ (ಅಪ್ಪರ್ ಸೈಡ್‌ಬ್ಯಾಂಡ್) ವಿಧಾನ, 5–10 ಕಿಲೋಹರ್ಟ್ಸ್ ಅಗಲ. ತಾನಾಗಿ ಸದ್ದು ಹೊಂದಿಸುವ ಎಜಿಸಿಯನ್ನು ಖಂಡಿತ ಆಫ್ ಮಾಡಿ. ಅದು ಚಾಲೂ ಇದ್ದರೆ ಗುರುವಿನ ಸದ್ದು ಏರಿದಾಗಲೆಲ್ಲ ರಿಸೀವರ್ ತಾನೇ ತಗ್ಗಿಸಿ, ಗ್ರಾಫನ್ನು ಚಪ್ಪಟೆ ಗೆರೆ ಮಾಡುತ್ತದೆ. ದಾಖಲೆಗೆ 'ರೇಡಿಯೋ ಸ್ಕೈಪೈಪ್' ತಂತ್ರಾಂಶದ ಉಚಿತ ಆವೃತ್ತಿ ಸಾಕು.

ಪರೀಕ್ಷೆ: ಆಂಟೆನಾ ತೆಗೆದು ಆ ಜಾಗದಲ್ಲಿ 75 ಓಮ್ ರೆಸಿಸ್ಟರ್ ಹಾಕಿ, ಮತ್ತೆ ಆಂಟೆನಾ ಜೋಡಿಸಿ. ಭರ್ರನೆ ಸದ್ದು ಏರಬೇಕು. ಆಕಾಶಗಂಗೆಯ ಸದ್ದು ಅದು. ಒಂದು ವಾರ ಹಗಲೂ ರಾತ್ರಿ ಗ್ರಾಫ್ ತೆಗೆದರೆ ಅದರ ಏರಿಳಿತ ದಿನಕ್ಕೆ 4 ನಿಮಿಷ ಮುಂಚೆ ಬರುವುದು ಕಾಣಬೇಕು. ನಕ್ಷತ್ರಗಳ ಜೊತೆ ಸರಿಯುವುದೆಲ್ಲ ಆಕಾಶದ್ದು, ಗಡಿಯಾರದ ಜೊತೆ ಸರಿಯುವುದು ಊರಿನದು. ಇದು ಕಾಣುವತನಕ ಗುರುವನ್ನು ಹುಡುಕಬೇಡಿ.

ಹೊತ್ತು: ನಡುರಾತ್ರಿ ಕಳೆದು ಬೆಳಗಿನ ಜಾವದತನಕ. ನಾವು ಕಾಂತ ಸಮಭಾಜಕಕ್ಕೆ ಹತ್ತಿರದವರು. ಸಂಜೆ, ಮುನ್ನಿರುಳಲ್ಲಿ ಅಯಾನುಗೋಳ ದಟ್ಟವಾಗಿದ್ದು ದೂರದ ಶಾರ್ಟ್‌ವೇವ್ ಕೇಂದ್ರಗಳನ್ನು ಹೊತ್ತು ತರುತ್ತದೆ. ಗುರುವಿನ ಸದ್ದು ಎಲ್ಲ ರಾತ್ರಿಯೂ ಬರುವುದಿಲ್ಲ. ಅಯೋ ತನ್ನ ಕಕ್ಷೆಯಲ್ಲಿ, ಗುರುವಿನ ಹಿಂಬದಿಯಿಂದ ಅಳೆದರೆ, 90 ಅಥವಾ 240 ಡಿಗ್ರಿಯ ಆಸುಪಾಸಿನಲ್ಲಿದ್ದು, ಗುರುವಿನ ಸೂಕ್ತ ಮಗ್ಗುಲೂ ನಮ್ಮತ್ತ ತಿರುಗಿದ್ದರೆ ಸದ್ದಿನ ಸಂಭವ ಬಹಳ ಹೆಚ್ಚು. ಅಯೋದ ಈ ಪಾತ್ರವನ್ನು 1964ರಲ್ಲಿ ಬಿಗ್ ಎಂಬ ವಿಜ್ಞಾನಿ ಕಂಡುಹಿಡಿದರು. ಗುರುವಿನ ಸದ್ದು ಎರಡು ಬಗೆ. 'ಎಲ್' ಸಿಡಿತ ಅರ್ಧದಿಂದ ಕೆಲವು ಸೆಕೆಂಡು ಏರಿ ಇಳಿಯುವ ಶ್ಶ್ ಎಂಬ ಸದ್ದು. 'ಎಸ್' ಸಿಡಿತ ಸೆಕೆಂಡಿಗೆ ಹತ್ತಾರು ಬೀಳುವ ಚಟಪಟ.

ಏಪ್ರಿಲ್, ಮೇ ಗುಡುಗಿನ ದಿನಗಳಲ್ಲಿ ಕೆಲಸ ಮುಗಿದೊಡನೆ ಕೇಬಲ್ ಬಿಚ್ಚಿ ಮನೆಯ ಹೊರಗೆ ಬಿಡಿ.

20.1ರಲ್ಲಿ ರಾತ್ರಿಯಿಡೀ ಟಿಕ್ ಟಿಕ್ ಎಂದು ಬರುತ್ತದೆ. ಇದು ಎಸ್ ಸಿಡಿತವೇ?
— ಓದುಗರು, ಆಲೂರು

ನಿಮ್ಮ ಪತ್ರದಲ್ಲಿ 'ಸೆಕೆಂಡಿಗೆ ಹೆಚ್ಚುಕಡಿಮೆ ಒಂದು, ತಪ್ಪದೆ' ಎಂದಿದೆ. ಆನೆ ತಡೆಯಲು ಹಾಕಿದ ಸೋಲಾರ್ ಬೇಲಿಯ ಮಿಡಿತ ಅದು. ಬೇಲಿಯ ಯಂತ್ರ ಸೆಕೆಂಡಿಗೊಮ್ಮೆ ಅಧಿಕ ವೋಲ್ಟೇಜಿನ ಮಿಡಿತ ಬಿಡುತ್ತದೆ. ಬೇಲಿ ಸರಿಯಿದ್ದರೆ ಸದ್ದು ಕಡಿಮೆ. ಬಳ್ಳಿ ತಾಗಿದಲ್ಲಿ, ಇನ್ಸುಲೇಟರ್ ಬಿರುಕು ಬಿಟ್ಟಲ್ಲಿ, ತಂತಿ ಸುತ್ತಿ ಗಂಟು ಹಾಕಿದ ಸಡಿಲ ಜಾಗದಲ್ಲಿ ಕಿಡಿ ಹಾರಿದರೆ ಅದೇ ಪ್ರಸಾರ ಕೇಂದ್ರವಾಗುತ್ತದೆ. ಕತ್ತಲಲ್ಲಿ ಬೇಲಿಯ ಗುಂಟ ಸಣ್ಣ ರೇಡಿಯೋ ಹಿಡಿದು ನಡೆದರೆ ಜಾಗ ಸಿಗುತ್ತದೆ. ಅದನ್ನು ಸರಿಪಡಿಸಿದರೆ ಬೇಲಿಗೂ ಒಳ್ಳೆಯದು, ಸೋರಿಹೋಗುತ್ತಿದ್ದ ವೋಲ್ಟೇಜು ಉಳಿಯುತ್ತದೆ. ತಂತಿ ಮುಟ್ಟುವ ಮೊದಲು ಯಂತ್ರ ಆಫ್ ಮಾಡಿ. ಬೇಲಿಯನ್ನು ರೇಡಿಯೋಗೋಸ್ಕರ ರಾತ್ರಿ ಆಫ್ ಮಾಡುವ ಯೋಚನೆ ಬೇಡ.

ನಿಜವಾದ ಎಸ್ ಸಿಡಿತಕ್ಕೆ ತಾಳವಿಲ್ಲ. ಒಂದೆರಡು ಗಂಟೆಯೊಳಗೆ ಬಂದು ಹೋಗುತ್ತದೆ, ಗುರು ಮುಳುಗಿದ ಮೇಲೆ ಇರುವುದೇ ಇಲ್ಲ. ಎಸ್‌ಡಿಆರ್ ತಂತ್ರಾಂಶ ತೋರಿಸುವ ಜಲಪಾತದ (ವಾಟರ್‌ಫಾಲ್) ಚಿತ್ರದಲ್ಲಿ ನೋಡಿದರೆ ಒಂದೊಂದೂ ಮೇಲಿನ ಆವರ್ತನದಿಂದ ಕೆಳಕ್ಕೆ ಜಾರುತ್ತದೆ. ಬೇಲಿಯ ಮಿಡಿತ ಎಲ್ಲ ಆವರ್ತನದಲ್ಲೂ ಒಂದೇ ಕ್ಷಣಕ್ಕೆ ನೇರ ಗೆರೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರಿನ ಗೊರಗೊರವನ್ನು ಒಂದೊಂದೇ ಸ್ವಿಚ್ ತೆಗೆದು ಪತ್ತೆ ಮಾಡಿ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ನಡೆಸಿ.

ಸೌರಮಾರುತದ ಪ್ರಭಾವ ನಮ್ಮ ದಾಖಲೆಯಲ್ಲಿ ಕಾಣಬೇಕಾದರೆ ಅದು ಗುರುವನ್ನು ಎಂದು ಮುಟ್ಟುತ್ತದೆ ಎಂದು ಗೊತ್ತಿರಬೇಕಲ್ಲ? ಲೆಕ್ಕ ಹೇಗೆ?
— ಭೌತಶಾಸ್ತ್ರ ಅಧ್ಯಾಪಕಿ, ಚಿಕ್ಕಮಗಳೂರು

ಸೂರ್ಯ, ಭೂಮಿ, ಗುರು ಒಂದೇ ಸಾಲಿಗೆ ಬರುವ ಎದುರುಸ್ಥಾನದ ಆಸುಪಾಸಿನಲ್ಲಿ ಈ ಲೆಕ್ಕ ಸುಲಭ. ಭೂಮಿಯಿಂದ 15 ಲಕ್ಷ ಕಿ.ಮೀ. ಸೂರ್ಯನ ಕಡೆಗಿರುವ ಎಲ್1 ನೆಲೆಯಲ್ಲಿ ಸೌರಮಾರುತದ ವೇಗ, ಸಾಂದ್ರತೆ ಅಳೆಯುವ ನೌಕೆಗಳಿವೆ. 2024ರ ಜನವರಿ 6ರಿಂದ ನಮ್ಮ ಆದಿತ್ಯ-ಎಲ್1 ಕೂಡ ಅಲ್ಲಿದೆ. ಅದರ ಆಸ್ಪೆಕ್ಸ್ ಉಪಕರಣದ ದತ್ತಾಂಶ ಇಸ್ರೋದ 'ಪ್ರದಾನ್' ತಾಣದಲ್ಲಿ ಸಿಗುತ್ತದೆ. ಸಾಂದ್ರತೆ ಜಿಗಿದು, ಅದರ ಬೆನ್ನಿಗೇ ವೇಗ ಏರಿದ ದಿನವನ್ನು ಗುರುತಿಸಿ. ಅದೇ ಡಿಕ್ಕಿಯ ಪಟ್ಟಿ.

ಎದುರುಸ್ಥಾನದಲ್ಲಿ ಭೂಮಿಯಿಂದ ಗುರುವಿಗೆ 64 ಕೋಟಿ ಕಿ.ಮೀ. ಎಂದು ಇಟ್ಟುಕೊಳ್ಳಿ. ವೇಗ 400 ಆದರೆ ಹದಿನೆಂಟೂವರೆ ದಿನ, 500 ಆದರೆ 14.8 ದಿನ, 600 ಆದರೆ 12.3 ದಿನ. ಪಟ್ಟಿಯ ಮುಂಭಾಗದ ವೇಗವೂ ಹಿಂಭಾಗದ ವೇಗವೂ ಬೇರೆ, ಎರಡರ ಸರಾಸರಿ ಹಿಡಿಯಿರಿ.

ಸಾಲು ತಪ್ಪಿದ್ದರೆ ಸೂರ್ಯನ ತಿರುಗುವಿಕೆಯನ್ನು ಸೇರಿಸಬೇಕು. ಸೂರ್ಯ 25.4 ದಿನಕ್ಕೆ ಒಂದು ಸುತ್ತು ತಿರುಗುವುದರಿಂದ, ಸೂರ್ಯನಿಂದ ನೋಡಿದಾಗ ಭೂಮಿ–ಗುರುಗಳ ನಡುವಿನ ಒಂದೊಂದು ಡಿಗ್ರಿಗೂ 1.7 ಗಂಟೆ. ಎದುರುಸ್ಥಾನಕ್ಕೆ ಮುಂಚೆ ಗುರು ಮುಂದಿರುತ್ತದೆ, ಪ್ರವಾಹ ಅದರತ್ತ ತಿರುಗಲು ತಡ, ಆದ್ದರಿಂದ ಕೂಡಿಸಿ. ಎದುರುಸ್ಥಾನ ಕಳೆದ ಮೇಲೆ ಕಳೆಯಿರಿ. 30 ಡಿಗ್ರಿಯಾದರೆ 51 ಗಂಟೆ. ಇದು ಸೂರ್ಯನ ಜೊತೆ ತಿರುಗುವ ಪ್ರವಾಹಗಳಿಗೆ ಮಾತ್ರ ಅನ್ವಯ. ಒಮ್ಮೆ ಸಿಡಿದು ಹೋಗುವ ಸೌರದ್ರವ್ಯ ತನ್ನ ದಿಕ್ಕಿನಲ್ಲೇ ಹೋಗುತ್ತದೆ, ಭೂಮಿಗೆ ತಗುಲಿದ್ದು ಗುರುವಿಗೆ ತಗುಲಲೇಬೇಕೆಂದಿಲ್ಲ. ಸಾಲಿನ ಹತ್ತಿರವಿದ್ದಾಗಲೂ ಒಂದೆರಡು ದಿನದ ತಪ್ಪು ಸಹಜ. 60 ಡಿಗ್ರಿ ಮೀರಿದರೆ ಈ ಲೆಕ್ಕವನ್ನು ನಂಬಬೇಡಿ.

ಇನ್ನು ದಾಖಲೆ. ಅಯೋ ಎಬ್ಬಿಸುವ ಸಿಡಿತಗಳಿಗೆ ಸೌರಮಾರುತದ ಹಂಗು ಕಡಿಮೆ. ಸೌರಮಾರುತಕ್ಕೆ ಸ್ಪಂದಿಸುವುದು ಅಯೋ ಸಂಬಂಧವಿಲ್ಲದ ಸದ್ದು. ಆದ್ದರಿಂದ ಅಯೋ 75ರಿಂದ 105, 195ರಿಂದ 265 ಡಿಗ್ರಿಯಲ್ಲಿದ್ದ ಹೊತ್ತುಗಳನ್ನು ತೆಗೆದಿಡಿ, ಉಳಿದ ಹೊತ್ತಿನಲ್ಲಿ ಬಂದ ಸದ್ದನ್ನು ನಿಮ್ಮ ಲೆಕ್ಕದ ದಿನಾಂಕಗಳೊಡನೆ ಹೋಲಿಸಿ. ಏನೂ ಕೇಳದ ರಾತ್ರಿಗಳನ್ನೂ ಬರೆದಿಡಬೇಕು, ಬರೀ ಕೇಳಿದ ರಾತ್ರಿಗಳ ಪಟ್ಟಿಯಿಂದ ಯಾವ ತೀರ್ಮಾನವೂ ಹುಟ್ಟುವುದಿಲ್ಲ. ಒಂದು ರಾತ್ರಿ ತಾಳೆಯಾದರೆ ಕಾಕತಾಳೀಯ. ಒಂದು ಹಂಗಾಮಿನುದ್ದಕ್ಕೂ, ಅಂದರೆ ಎದುರುಸ್ಥಾನದ ಹಿಂದೆ ಮುಂದೆ ಎರಡೆರಡು ತಿಂಗಳು, ಒಂದೇ ಆಂಟೆನಾ, ಒಂದೇ ಗೇನ್ ಇಟ್ಟು ದಾಖಲಿಸಿದರೆ ಅದು ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ತಕ್ಕ ಗಟ್ಟಿ ಕೆಲಸ. ನಿಮ್ಮ ಕಾಲೇಜಿನಲ್ಲಿ ಆರಂಭಿಸಿದರೆ ದಾಖಲೆಯ ನಮೂನೆಯನ್ನು ನಾವು ಕಳಿಸುತ್ತೇವೆ.

ಯುರೇನಸ್, ನೆಪ್ಚೂನ್‌ಗಳ ಕಥೆಯೂ ಇದೇ ಏನು?
— ಓದುಗರು, ಬೇಲೂರು

ಅಲ್ಲಿಗೆ ಹೋದದ್ದು ವಾಯೇಜರ್ 2 ಒಂದೇ. 1986ರ ಜನವರಿ 24ರಂದು ಅದು ಯುರೇನಸ್ ಬಳಿ ಹಾದಾಗ ಕಾಂತಗೋಳದಲ್ಲಿ ಪ್ಲಾಸ್ಮಾ ಬಹಳ ಕಡಿಮೆಯಿತ್ತು, ವಿಕಿರಣ ಪಟ್ಟಿಗಳು ಮಾತ್ರ ಬಲವಾಗಿದ್ದವು. ಇದು ಮೂರು ದಶಕಕ್ಕೂ ಮಿಕ್ಕಿ ಒಗಟಾಗಿತ್ತು. 2024ರಲ್ಲಿ ಅದೇ ಹಳೆಯ ದತ್ತಾಂಶವನ್ನು ಮತ್ತೆ ತೆಗೆದು ನೋಡಿದಾಗ, ನೌಕೆ ತಲುಪುವುದಕ್ಕೆ ಸ್ವಲ್ಪ ಮುಂಚೆ ಸೌರಮಾರುತದ ಒತ್ತಡ ಸುಮಾರು 20 ಪಟ್ಟು ಏರಿ ಕಾಂತಗೋಳವನ್ನು ಅಮುಕಿದ್ದು ಗೊತ್ತಾಯಿತು. ಯುರೇನಸ್ ಅಂಥ ಸ್ಥಿತಿಯಲ್ಲಿರುವುದು ನೂರರಲ್ಲಿ ಐದು ಪಾಲಿಗಿಂತ ಕಡಿಮೆ ಕಾಲ. ಪುಸ್ತಕಗಳಲ್ಲಿ 'ಯುರೇನಸ್‌ನ ಕಾಂತಗೋಳ ಖಾಲಿ' ಎಂದಿದ್ದರೆ ಪಕ್ಕದಲ್ಲಿ ಇದನ್ನು ಬರೆದುಕೊಳ್ಳಿ.

ಗುರುವಿನಿಂದ ಏನಾದರೂ ಕಣಗಳು ಭೂಮಿಗೆ ಬರುತ್ತವೆಯೇ? ಅಪಾಯವೇ?
— 9ನೇ ತರಗತಿ ವಿದ್ಯಾರ್ಥಿ, ತರೀಕೆರೆ

ಬರುತ್ತವೆ, ಅಪಾಯವಿಲ್ಲ. ಗುರುವಿನ ಕಾಂತಗೋಳದಿಂದ ತಪ್ಪಿಸಿಕೊಂಡ ಶಕ್ತಿಶಾಲಿ ಎಲೆಕ್ಟ್ರಾನುಗಳನ್ನು ಭೂಮಿಯ ಬಳಿಯ ಉಪಗ್ರಹಗಳು ಅಳೆದಿವೆ. ಅವಕ್ಕೆ ದಾರಿ ಕೊಡುವುದು ಸೌರಮಾರುತವೇ. ಸೂರ್ಯ ತಿರುಗುತ್ತಿರುವುದರಿಂದ ಸೌರಮಾರುತದ ಜೊತೆ ಹೊರಟ ಕಾಂತರೇಖೆಗಳು ಸುರುಳಿಯಾಗಿ ಬಾಗುತ್ತವೆ. ಒಂದೇ ರೇಖೆ ಭೂಮಿಯನ್ನೂ ಗುರುವನ್ನೂ ಮುಟ್ಟುವ ಸಂದರ್ಭ ಸುಮಾರು 13 ತಿಂಗಳಿಗೊಮ್ಮೆ ಬರುತ್ತದೆ, ಆಗ ಈ ಎಲೆಕ್ಟ್ರಾನುಗಳ ಎಣಿಕೆ ಏರುತ್ತದೆ. ನಮ್ಮ ಕಾಂತಗೋಳವೂ ವಾತಾವರಣವೂ ಅವನ್ನು ನೆಲದತನಕ ಬಿಡುವುದಿಲ್ಲ.